ಮನೇಲಿ ನೋಡಿದ ಸಿನಿಮಾ: ಬೈಗುಳ ಚಿತ್ರಕ್ಕೆ ಸಲ್ಲಬೇಕೋ, ಟೀವಿಗೋ?

ರೀಲುಡಬ್ಬಿ
ಇತ್ತೀಚೆಗೆ ಮನೆಯಲ್ಲಿ ಕೂತು ನೋಡಿದ ಚಿತ್ರಗಳ ಬಗ್ಗೆ ಅನಿಸಿದ್ದನ್ನ ಇಲ್ಲಿ ಹಾಕಿ. ಚೆನ್ನಾಗಿತ್ತು, ಬೋರು ಅಂತ ಒಂದೇ ಸಾಲು ಬರೆದರೂ ಸಾಕು. ಕೋರಿಕೆ ಒಂದೇ: ಯಾವುದರಲ್ಲಿ ನೋಡಿದ್ರಿ ಅನ್ನೋದನ್ನೂ ಸೇರಿಸಿ. ಟೀವಿನೋ ಫೋನೋ, ಸದ್ದು ಟೀವಿ ಸ್ಪೀಕರಿಂದೋ ಸೌಂಡ್‌ಬಾರಿಂದೋ, ಆ್ಯಪಲ್ಲೋ ಡಿಸ್ಕಲ್ಲೋ.

ಯಾಕೆ ಅಂದ್ರೆ ಮನೆಯಲ್ಲಿ ನೋಡಿದವರ ವಿಮರ್ಶೆಯಲ್ಲಿ ಮೂರು ದೂರು ಪದೇ ಪದೇ ಬರುತ್ತೆ: ‘ಬರೀ ಕತ್ತಲು’, ‘ಮಾತೇ ಕೇಳಲ್ಲ’, ‘ಸೀರಿಯಲ್ ನೋಡಿದ ಹಾಗಿದೆ’. ಮೂರಕ್ಕೂ ನಿರ್ದೇಶಕರನ್ನೇ ಬೈತೀವಿ. ಮೂರನೆಯದಂತೂ ಹೆಚ್ಚುಕಮ್ಮಿ ಟೀವಿಯದ್ದೇ ಕಿತಾಪತಿ. ಸಿನಿಮಾ ತೆಗೆಯೋದು ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ. ಟೀವಿ ಎರಡು ಫ್ರೇಮ್ ನಡುವೆ ತಾನೇ ಊಹಿಸಿ ಹೊಸ ಫ್ರೇಮ್ ಹುಟ್ಟಿಸಿ ತುಂಬುತ್ತೆ. ಚಲನೆ ಎಣ್ಣೆ ಸವರಿದ ಹಾಗೆ ನುಣ್ಣಗಾಗಿ, ಕೋಟಿ ಖರ್ಚಿನ ಸೆಟ್ಟೂ ಸ್ಟುಡಿಯೋ ಮೂಲೆಯ ಹಾಗೆ ಕಾಣುತ್ತೆ.

ಮೆನುವಿನಲ್ಲಿ ಇದರ ಹೆಸರು ಕಂಪನಿಗೊಂದು. ಎಲ್‌ಜಿಯಲ್ಲಿ ‘ಟ್ರೂಮೋಷನ್’, ಸೋನಿಯಲ್ಲಿ ‘ಮೋಷನ್‌ಫ್ಲೋ’, ಸ್ಯಾಮ್‌ಸಂಗ್‌ನಲ್ಲಿ ಹಿಂದೆ ‘ಆಟೋ ಮೋಷನ್ ಪ್ಲಸ್’, ಈಚೆಗೆ ‘ಪಿಕ್ಚರ್ ಕ್ಲಾರಿಟಿ’. ಪಿಕ್ಚರ್ ಸೆಟ್ಟಿಂಗ್ಸ್ ಒಳಗೆ ಹೋಗಿ ಆಫ್ ಮಾಡಿ. ಹುಡುಕೋ ತಾಳ್ಮೆ ಇಲ್ಲದಿದ್ರೆ ‘ಫಿಲ್ಮ್‌ಮೇಕರ್ ಮೋಡ್’ ಇದೆಯಾ ನೋಡಿ. 2020ರ ನಂತರದ ಎಷ್ಟೋ ಸೆಟ್‌ಗಳಲ್ಲಿ ಇದೆ. ಅದನ್ನ ಒತ್ತಿದ್ರೆ ಈ ಹುಸಿ ಫ್ರೇಮು, ಕೃತಕ ಶಾರ್ಪ್‌ನೆಸ್, ನಾಯ್ಸ್ ರಿಡಕ್ಷನ್ ಎಲ್ಲ ಒಟ್ಟಿಗೆ ಬಂದ್. ಅದೂ ಇಲ್ಲದಿದ್ರೆ ‘ಸಿನಿಮಾ’ ಅಥವಾ ‘ಮೂವಿ’ ಮೋಡ್. ‘ವಿವಿಡ್’, ‘ಡೈನಾಮಿಕ್’ ಇವೆಲ್ಲ ಅಂಗಡಿಯ ಬೆಳಕಿನಲ್ಲಿ ಗಿರಾಕಿ ಕಣ್ಣು ಸೆಳೆಯೋಕೆ ಇಟ್ಟಿರೋದು.

ಒಂದು ಎಚ್ಚರಿಕೆ. ಈ ಸೆಟ್ಟಿಂಗು ಪ್ರತಿ ಇನ್‌ಪುಟ್‌ಗೂ, ಎಷ್ಟೋ ಟೀವಿಯಲ್ಲಿ ಎಸ್‌ಡಿಆರ್ (ಮಾಮೂಲಿ ಬೆಳಕಿನ ಚಿತ್ರ), ಎಚ್‌ಡಿಆರ್ (ಕತ್ತಲು ಬೆಳಕಿನ ಅಂತರ ಹೆಚ್ಚಿರೋ ಚಿತ್ರ), ಡಾಲ್ಬಿ ವಿಷನ್ (ಎಚ್‌ಡಿಆರ್‌ನ ಒಂದು ಬಗೆ) ಮೂರಕ್ಕೂ ಬೇರೆ ಬೇರೆ ನೆನಪಿರುತ್ತೆ. ಎಚ್‌ಡಿಎಂಐ 1ರಲ್ಲಿ ಆಫ್ ಮಾಡಿ, ಟೀವಿಯ ಒಳಗಿನ ಆ್ಯಪಲ್ಲಿ ಚಿತ್ರ ಹಾಕಿದ್ರೆ ಅಲ್ಲಿ ಇನ್ನೂ ಆನ್ ಇರಬಹುದು. ಚಿತ್ರ ಓಡ್ತಾ ಇರುವಾಗಲೇ ಮೆನು ತೆರೆದು ಬದಲಿಸಿ.

ನಡುರಾತ್ರಿ
ಆಫ್ ಮಾಡಿದ ಮೇಲೆ ಕ್ಯಾಮೆರಾ ಎಡದಿಂದ ಬಲಕ್ಕೆ ನಿಧಾನ ಹೊರಳುವಾಗ ಚಿತ್ರ ಟಕ್ ಟಕ್ ಅಂತ ಕುಂಟುತ್ತಲ್ಲ ಸಾರ್? ಅದಕ್ಕಿಂತ ಸೀರಿಯಲ್ಲೇ ವಾಸಿ ಅನ್ನಿಸುತ್ತೆ.

ರೀಲುಡಬ್ಬಿ
ಕುಂಟೋದಕ್ಕೆ ಎರಡು ಕಾರಣ ಇದೆ, ಬೇರೆ ಬೇರೆ ಮಾಡಿ ನೋಡಬೇಕು.

ಮೊದಲನೆಯದು ಲೆಕ್ಕದ ತಾಳ ತಪ್ಪೋದು. ಟೀವಿಗೆ ಜೋಡಿಸಿದ ಸ್ಟ್ರೀಮಿಂಗ್ ಪೆಟ್ಟಿಗೆ 60 ಹರ್ಟ್ಸ್‌ನಲ್ಲಿ, ಅಂದ್ರೆ ಸೆಕೆಂಡಿಗೆ 60 ಸಲ, ಕಳಿಸ್ತಾ ಇದ್ರೆ 24 ಫ್ರೇಮನ್ನ 60ಕ್ಕೆ ಸಮನಾಗಿ ಹಂಚೋಕೆ ಆಗಲ್ಲ. ಒಂದು ಫ್ರೇಮನ್ನ ಮೂರು ಸಲ, ಮುಂದಿನದನ್ನ ಎರಡು ಸಲ ತೋರಿಸುತ್ತೆ. ಅಂದ್ರೆ ಒಂದು ಫ್ರೇಮ್ 50 ಮಿಲಿಸೆಕೆಂಡ್ ನಿಲ್ಲುತ್ತೆ, ಇನ್ನೊಂದು 33. ಈ ಏರುಪೇರೇ ಕುಂಟು. ಇದಕ್ಕೆ ಮದ್ದಿದೆ: ಸ್ಟ್ರೀಮಿಂಗ್ ಪೆಟ್ಟಿಗೆಯಲ್ಲಿ ‘ಮ್ಯಾಚ್ ಫ್ರೇಮ್ ರೇಟ್’ ಆನ್ ಮಾಡಿ. ಆ್ಯಪಲ್ ಟೀವಿಯಲ್ಲಿ ‘ಮ್ಯಾಚ್ ಕಂಟೆಂಟ್’ ಅನ್ನೋದರ ಒಳಗಿದೆ. ಆಗ ಪೆಟ್ಟಿಗೆ 24ರಲ್ಲೇ ಕಳಿಸುತ್ತೆ. 120 ಹರ್ಟ್ಸ್ ಪರದೆ ಆದ್ರೆ ಪ್ರತಿ ಫ್ರೇಮೂ ಐದೈದು ಸಲ, ಸಮ. ಚಿತ್ರ ಶುರುವಾಗುವಾಗ ಪರದೆ ಒಂದೆರಡು ಸೆಕೆಂಡ್ ಕಪ್ಪಾಗುತ್ತೆ, ಗಾಬರಿ ಬೇಡ.

ಎರಡನೆಯದು 24 ಫ್ರೇಮಿನ ಹುಟ್ಟುಗುಣ. ಅದಕ್ಕೇ ಛಾಯಾಗ್ರಾಹಕರಲ್ಲಿ ಒಂದು ರೂಢಿ ಇದೆ: ಹೊರಳುವ ಶಾಟ್‌ನಲ್ಲಿ ಒಂದು ವಸ್ತು ಚೌಕಟ್ಟಿನ ಈ ಅಂಚಿಂದ ಆ ಅಂಚಿಗೆ ದಾಟೋಕೆ ಸುಮಾರು 7 ಸೆಕೆಂಡ್ ಆದರೂ ತಗೋಬೇಕು ಅಂತ. ಅದಕ್ಕಿಂತ ಬೇಗ ಹೊರಳಿಸಿದ್ರೆ ಥಿಯೇಟರಲ್ಲೂ ಕುಂಟುತ್ತೆ. ಓಎಲ್‌ಇಡಿ ಪರದೆಯಲ್ಲಿ ಇನ್ನೂ ಎದ್ದು ಕಾಣುತ್ತೆ, ಅಲ್ಲಿ ಪಿಕ್ಸೆಲ್ ತಕ್ಷಣ ಬದಲಾಗೋದ್ರಿಂದ ಎಲ್‌ಸಿಡಿಯಲ್ಲಿ ಇರೋ ಮಸುಕಿನ ಮುಲಾಮು ಸಿಗಲ್ಲ. ಕಣ್ಣಿಗೆ ತೀರಾ ಹಿಂಸೆ ಅನ್ನಿಸಿದ್ರೆ ಅದೇ ಫ್ರೇಮ್ ತುಂಬೋ ಮೆನುವಿನ ‘ಡಿ-ಜಡ್ಡರ್’ (ಕುಂಟು ತಗ್ಗಿಸೋದು) ಅನ್ನೋದನ್ನ 10ರಲ್ಲಿ 2 ಅಥವಾ 3ಕ್ಕೆ ಇಡಿ, ‘ಡಿ-ಬ್ಲರ್’ (ಮಸುಕು ತಗ್ಗಿಸೋದು) ಸೊನ್ನೆ. ಅಷ್ಟಕ್ಕೆ ಸೀರಿಯಲ್ ಕಳೆ ಬರಲ್ಲ.

ಒಂದ್‌ಸಾಲು
ಜಾಸ್ತಿ ಫ್ರೇಮಲ್ಲೇ ತೆಗೆದ ಸಿನಿಮಾನೂ ಇದೆಯಲ್ಲ ಗುರು.

ರೀಲುಡಬ್ಬಿ
ಇದೆ. 2012ರ ‘ದಿ ಹಾಬಿಟ್’ ಮೊದಲ ಭಾಗವನ್ನ 48 ಫ್ರೇಮಲ್ಲೇ ಚಿತ್ರೀಕರಿಸಿದ್ರು. ಅದನ್ನ ಆ ವೇಗದಲ್ಲಿ ಥಿಯೇಟರಲ್ಲಿ ನೋಡಿದ ಎಷ್ಟೋ ಜನರ ದೂರೂ ಇದೇ ಆಗಿತ್ತು, ವೇಷ ವೇಷದ ಹಾಗೇ ಕಾಣುತ್ತೆ ಅಂತ. ನಿಜವಾದ ಫ್ರೇಮಿಗೇ ಈ ಗತಿ ಅಂದ ಮೇಲೆ ಟೀವಿ ಊಹಿಸಿದ ಫ್ರೇಮಿನ ಕಥೆ ಕೇಳಬೇಕಾ.

ಸದ್ದುಗದ್ದಲ
ಎರಡನೇ ದೂರಿಗೆ ಬರೋಣ. ‘ಮಾತು ಪಿಸುಗುಟ್ಟಿದ ಹಾಗೆ, ಫೈಟು ಬಂದ್ರೆ ಪಕ್ಕದ ಮನೆಯವರು ಎದ್ದು ಬರ್ತಾರೆ.’ ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಇಲ್ಲಿ ತಪ್ಪು ಹಂಚಿಹೋಗಿದೆ.

5.1 ಮಿಕ್ಸ್‌ನಲ್ಲಿ (ಐದು ಸ್ಪೀಕರಿಗೂ ಒಂದು ಬಾಸ್ ಸ್ಪೀಕರಿಗೂ ಹಂಚಿ ಬೆರೆಸಿದ ಸದ್ದು) ಮಾತೆಲ್ಲ ಹೆಚ್ಚುಕಮ್ಮಿ ನಡುವಿನ ಚಾನೆಲ್‌ನಲ್ಲೇ ಇರುತ್ತೆ. ಥಿಯೇಟರಲ್ಲಿ ಅದಕ್ಕೆ ಪರದೆ ಹಿಂದೆ ಪ್ರತ್ಯೇಕ ಸ್ಪೀಕರ್. ಮನೆ ಟೀವಿಯಲ್ಲಿ ಎಡ ಬಲ ಎರಡೇ. ಹಾಗಾಗಿ ಆರು ಚಾನೆಲನ್ನ ಎರಡಕ್ಕೆ ಇಳಿಸಬೇಕು. ರೂಢಿಯ ಸೂತ್ರದಲ್ಲಿ ನಡುವಿನದನ್ನ 3 ಡೆಸಿಬೆಲ್ ತಗ್ಗಿಸಿ ಎರಡೂ ಕಡೆಗೆ ಸೇರಿಸ್ತಾರೆ, ಹಿಂದಿನ ಸ್ಪೀಕರಿನ ಸದ್ದನ್ನೂ ಹಾಗೇ ತಂದು ಅದೇ ಎರಡಕ್ಕೆ ಸುರೀತಾರೆ. ಮಳೆ, ಗುಂಪಿನ ಗಲಾಟೆ, ಹಿನ್ನೆಲೆ ಸಂಗೀತ ಎಲ್ಲ ಮಾತು ಇರೋ ಜಾಗಕ್ಕೇ ಬಂದು ಕೂರುತ್ತೆ. ಥಿಯೇಟರಲ್ಲಿ ಮಳೆ ಬೆನ್ನ ಹಿಂದೆ ಇತ್ತು, ಮಾತು ಮುಂದೆ ಇತ್ತು. ಕಿವಿ ತಾನೇ ಬೇರ್ಪಡಿಸ್ತಿತ್ತು. ಇಲ್ಲಿ ಆ ಸೌಕರ್ಯ ಇಲ್ಲ.

ಇನ್ನು ಏರಿಳಿತ. ನೆಟ್‌ಫ್ಲಿಕ್ಸ್ ತನಗೆ ಬರೋ ಮಿಕ್ಸ್‌ನಲ್ಲಿ ಮಾತಿನ ಸರಾಸರಿ ಮಟ್ಟ −27 ಎಲ್‌ಕೆಎಫ್‌ಎಸ್ (ಸದ್ದು ಎಷ್ಟು ಜೋರು ಅಂತ ಅಳೆಯೋ ಮಾನ, ಡೆಸಿಬೆಲ್ ಲೆಕ್ಕದ್ದೇ) ಸುತ್ತ ಇರಬೇಕು, ಅತಿ ಜೋರಿನ ಸದ್ದು −2 ಡೆಸಿಬೆಲ್ ದಾಟಬಾರದು ಅಂತ ಕೇಳುತ್ತೆ. ಅಂದ್ರೆ ಮಾತಿಗೂ ಸ್ಫೋಟದ ತುದಿಗೂ 25 ಡೆಸಿಬೆಲ್ ಅಂತರಕ್ಕೆ ಜಾಗ ಇದೆ. ಶಾಂತವಾದ ಕೋಣೆಯಲ್ಲಿ, ಒಳ್ಳೆ ಸ್ಪೀಕರಲ್ಲಿ ಅದು ಸೊಗಸು. ಫ್ಯಾನು ಓಡ್ತಾ ಇರೋ ಕೋಣೆಯಲ್ಲಿ ಮೆಲುಮಾತೆಲ್ಲ ಫ್ಯಾನಿನ ಸದ್ದಿನ ಕೆಳಗೆ ಹೂತುಹೋಗುತ್ತೆ.

ಮಾಡಬೇಕಾದ್ದು, ಈ ಕ್ರಮದಲ್ಲೇ:

ಮೊದಲು ಆ್ಯಪಿನ ಆಡಿಯೋ ಪಟ್ಟಿ ತೆರೆಯಿರಿ. ಟೀವಿ ಸ್ಪೀಕರಲ್ಲೇ ಕೇಳೋದಾದ್ರೆ ‘5.1’ ಅಂತ ಇರೋದನ್ನ ಬಿಟ್ಟು ಸ್ಟೀರಿಯೋ ಆವೃತ್ತಿ ಆರಿಸಿ. ಎಷ್ಟೋ ಚಿತ್ರಕ್ಕೆ ಸ್ಟೀರಿಯೋವನ್ನ ಪ್ರತ್ಯೇಕ ಕೂತು ಮಿಕ್ಸ್ ಮಾಡಿರ್ತಾರೆ, ಯಂತ್ರ ಇಳಿಸಿದ್ದಕ್ಕಿಂತ ಅದು ಮೇಲು. ಇದೊಂದರಿಂದಲೇ ಅರ್ಧ ಗೋಳು ಮುಗಿಯೋದುಂಟು.

ಆಮೇಲೆ ಟೀವಿಯ ‘ವರ್ಚುವಲ್ ಸರೌಂಡ್’ ತರದ್ದೇನಿದ್ರೂ ಆಫ್. ಅದು ಎಡಬಲದ ಸದ್ದಿನ ಅಲೆಗಳ ಹೊಂದಾಣಿಕೆ ತಿರುಚಿ ಅಗಲ ತೋರಿಸುತ್ತೆ, ಪೆಟ್ಟು ಬೀಳೋದು ನಡುವಿನ ಮಾತಿಗೆ. ಮಾತು ಎತ್ತಿ ಕೊಡೋ ಸವಲತ್ತು ಇದ್ರೆ ಆನ್ ಮಾಡಿ: ಎಲ್‌ಜಿಯಲ್ಲಿ ‘ಕ್ಲಿಯರ್ ವಾಯ್ಸ್’, ಸೋನಿಯಲ್ಲಿ ‘ವಾಯ್ಸ್ ಝೂಮ್’. ರಾತ್ರಿ ಹೊತ್ತಾದ್ರೆ ‘ನೈಟ್ ಮೋಡ್’ ಅಥವಾ ‘ಆಟೋ ವಾಲ್ಯೂಮ್’. ಅದು ಜೋರನ್ನ ಹಿಡಿದು ಮೆಲುವನ್ನ ಎತ್ತುತ್ತೆ. ಹಾಡಿನ ಚಿತ್ರ ನೋಡುವಾಗ ಮಾತ್ರ ಅದನ್ನ ಆಫ್ ಮಾಡಿಬಿಡಿ, ತಾಳವಾದ್ಯದ ಏಟೆಲ್ಲ ಸಪ್ಪೆಯಾಗುತ್ತೆ.

ಈಕ್ವಲೈಜರ್ (ದಪ್ಪ, ತೆಳು ಸದ್ದನ್ನ ಬೇರೆ ಬೇರೆ ಏರಿಸಿ ಇಳಿಸೋ ಸೆಟ್ಟಿಂಗು) ಇದ್ದರೆ 100ರಿಂದ 250 ಹರ್ಟ್ಸ್ ಸುತ್ತ 3 ಡೆಸಿಬೆಲ್ ಇಳಿಸಿ, 2ರಿಂದ 4 ಕಿಲೋಹರ್ಟ್ಸ್ ಸುತ್ತ 2–3 ಏರಿಸಿ. ಗಂಡುಗಂಟಲಿನ ಗುಮ್ಮೆನ್ನೋ ಸದ್ದು ತಗ್ಗಿ ಕ, ತ, ಪ ಒಡೆದು ಕೇಳುತ್ತೆ. ಬಾಸ್ ಏರಿಸಿದ್ರೆ ‘ರಿಚ್’ ಅನ್ನಿಸುತ್ತೆ ನಿಜ, ಸಂಭಾಷಣೆ ಮಾತ್ರ ಬಾವಿಯೊಳಗಿಂದ ಬಂದ ಹಾಗಾಗುತ್ತೆ.

ಒಂದ್‌ಸಾಲು
ವಾಲ್ಯೂಮ್ ಏರಿಸಿದ್ರೆ ಸಾಕಲ್ವಾ ಇಷ್ಟೆಲ್ಲ ಯಾಕೆ?

ಸದ್ದುಗದ್ದಲ
ಮಾತು 8 ಡೆಸಿಬೆಲ್ ಏರಿದ್ರೆ ಸ್ಫೋಟವೂ 8 ಏರುತ್ತೆ. ಆಮೇಲೆ ಇಡೀ ಚಿತ್ರ ರಿಮೋಟ್ ಕೈಯಲ್ಲಿ ಹಿಡ್ಕೊಂಡೇ ಕೂರಬೇಕು.

ಹೊಸಪರದೆ
ಸೌಂಡ್‌ಬಾರ್ ಹಾಕಿದ್ರೂ ಮಾತು ಮಂಕು ಅಂತ ಬರೆಯೋರಿದ್ದಾರೆ. ಅದಕ್ಕೆ ಏನಂತೀರಿ? ‘ಟೆನೆಟ್’ ನೋಡಿ ಬೈದವರಲ್ಲಿ ಅರ್ಧ ಜನ ಸೌಂಡ್‌ಬಾರಿನವರೇ.

ಸದ್ದುಗದ್ದಲ
2020ರ ‘ಟೆನೆಟ್’ ಬೇರೆ ಪ್ರಕರಣ ಮೇಡಂ. ಅದನ್ನ ಥಿಯೇಟರಲ್ಲಿ ನೋಡಿದವರೂ ಮಾತು ಕೇಳಲ್ಲ ಅಂದಿದ್ರು. ಸದ್ದಿನಲ್ಲಿ ಮಾತು ಮುಳುಗಿದ್ರೂ ಪರವಾಗಿಲ್ಲ ಅನ್ನೋದು ಆ ನಿರ್ದೇಶಕರ ಆಯ್ಕೆ. ಅಲ್ಲಿ ಸೆಟ್ಟಿಂಗ್ ಏನೂ ಮಾಡಲ್ಲ, ಸಬ್‌ಟೈಟಲ್ ಹಾಕ್ಕೊಂಡು ನೋಡಿ. ನನ್ನ ಮಟ್ಟಿಗೆ ಅದು ಚಿತ್ರದ ದೋಷವೇ, ಧೈರ್ಯ ಅಂತ ಕರೆಯೋಕೆ ಮನಸ್ಸಿಲ್ಲ.

ಉಳಿದ ಚಿತ್ರಕ್ಕೆ ಸೌಂಡ್‌ಬಾರಲ್ಲಿ ನೋಡಬೇಕಾದ್ದು: 2.1 ಅಂದ್ರೆ ನಡು ಸ್ಪೀಕರ್ ಇಲ್ಲ, 3.1 ಅಂದ್ರೆ ಇದೆ. ಮಾತಿಗೋಸ್ಕರ ತಗೊಳೋದಾದ್ರೆ ಈ ಮೊದಲ ಅಂಕಿ ನೋಡಿ, ಡಬ್ಬದ ಮೇಲಿನ ವ್ಯಾಟ್ ಅಲ್ಲ. ನಡು ಸ್ಪೀಕರ್ ಇದ್ರೆ ಅದರ ಮಟ್ಟ 2ರಿಂದ 4 ಏರಿಸಿ. ಟೀವಿಯ ಡಿಜಿಟಲ್ ಔಟ್‌ಪುಟ್ ‘ಪಿಸಿಎಂ’ನಲ್ಲಿದ್ರೆ ಟೀವಿ ಮೊದಲೇ ಎರಡಕ್ಕೆ ಇಳಿಸಿ ಕಳಿಸಿರುತ್ತೆ, ನಡು ಸ್ಪೀಕರಿಗೆ ನಿಜವಾದ ನಡು ಚಾನೆಲ್ ಸಿಗೋದೇ ಇಲ್ಲ. ‘ಬಿಟ್‌ಸ್ಟ್ರೀಮ್’ ಅಥವಾ ‘ಪಾಸ್‌ಥ್ರೂ’ ಮಾಡಿ, ಆಗ ಟೀವಿ ಮುಟ್ಟದೆ ಹಾಗೇ ಬಾರ್‌ಗೆ ದಾಟಿಸುತ್ತೆ. ಬಾರ್‌ಗೆ ಡಾಲ್ಬಿ ಬಿಡಿಸೋಕೆ ಬರದಿದ್ರೆ ಆಗ ಸದ್ದೇ ಬರಲ್ಲ, ಮತ್ತೆ ಪಿಸಿಎಂಗೆ ಹೋಗಿ.

ಇಡೋ ಜಾಗ: ಬಾರಿನ ಮುಖ ಮೇಜಿನ ಮುಂದಿನ ಅಂಚಿಗೆ ಸಮ ಇರಲಿ. ಅರ್ಧ ಅಡಿ ಒಳಗೆ ತಳ್ಳಿದ್ರೆ ಸದ್ದು ಮೇಜಿನ ಹಲಗೆಗೆ ಬಡಿದು ತಿರುಗಿ ಬರುತ್ತೆ, ವ್ಯಂಜನ ಎಲ್ಲ ಕಲಸುತ್ತೆ. ಟೀವಿ ಗೂಡಿನ ಒಳಗೆ ತುರುಕಿದ್ರಂತೂ ಕೇಳೋದೇ ಬೇಡ.

ಇನ್ನೊಂದು. ಸ್ಟುಡಿಯೋದಲ್ಲಿ ಡಬ್ ಮಾಡಿದ ಚಿತ್ರದಲ್ಲಿ ಧ್ವನಿ ಮೈಕಿನ ಹತ್ತಿರದ್ದು, ಸದಾ ಸ್ವಚ್ಛ. ಸಿಂಕ್ ಸೌಂಡ್ (ಚಿತ್ರೀಕರಣದ ಜಾಗದಲ್ಲೇ ಮಾತು ದಾಖಲಿಸೋದು) ಚಿತ್ರದಲ್ಲಿ ಕೋಣೆಯ ಗುಂಗು, ದೂರ, ಬಟ್ಟೆಯ ಸರಸರ ಎಲ್ಲ ಸೇರಿರುತ್ತೆ. ಅದು ಸ್ವಲ್ಪ ಮಂಕಾಗಿ ಕೇಳೋದು ಸಹಜ, ಅದನ್ನ ‘ಡಬ್ಬಿಂಗ್ ಸರಿಯಿಲ್ಲ’ ಅಂತ ಬರೀಬೇಡಿ. ಮಾತೇ ಇಲ್ಲದ ಚಿತ್ರದಲ್ಲಿ ನಿಮ್ಮ ವ್ಯವಸ್ಥೆ ಪರೀಕ್ಷೆ ಮಾಡಬೇಕು ಅಂದ್ರೆ 1987ರ ‘ಪುಷ್ಪಕ ವಿಮಾನ’ ಇದ್ದೇ ಇದೆ. ಅಲ್ಲಿ ನಗು ಹುಟ್ಟೋದೇ ಸದ್ದುಗಳಿಂದ. ಬಾಗಿಲು, ಹೆಜ್ಜೆ, ಬೀದಿ ಗದ್ದಲ ಕೇಳದಿದ್ರೆ ಚಿತ್ರ ಅರ್ಧ ಹೋಯಿತು.

ಮಬ್ಬುಬೆಳಕು
ಕತ್ತಲಿನ ದೂರಿಗೆ ನಾನು ಉತ್ತರ ಕೊಡ್ತೀನಿ.

ಎಸ್‌ಡಿಆರ್ ಚಿತ್ರವನ್ನ ಬಣ್ಣ ತಿದ್ದೋ ಕೋಣೆಯಲ್ಲಿ ಸುಮಾರು 100 ನಿಟ್ಸ್ (ಪರದೆಯ ಬೆಳಕಿನ ಅಳತೆ) ಬೆಳಕಿನ ಮಾನಿಟರಲ್ಲಿ, ಮಂದ ಬೆಳಕಲ್ಲಿ ಕೂತು ತಿದ್ದಿರ್ತಾರೆ. ಅದನ್ನ ಹಗಲಲ್ಲಿ ನೋಡ್ತೀರಾ? ಬ್ಯಾಕ್‌ಲೈಟ್ ಏರಿಸಿದ್ರೆ ಇಡೀ ಚಿತ್ರ ಏರುತ್ತೆ, ಮುಗೀತು. ಎಚ್‌ಡಿಆರ್ ಹಾಗಲ್ಲ. ಅಲ್ಲಿ ಪ್ರತಿ ಅಂಕಿಗೂ ಇಷ್ಟೇ ನಿಟ್ಸ್ ಅಂತ ಗೊತ್ತುಮಾಡಿರುತ್ತೆ, ಬ್ಯಾಕ್‌ಲೈಟ್ ಆಗಲೇ ಗರಿಷ್ಠಕ್ಕೆ ಹೋಗಿರುತ್ತೆ. ಮೇಲೇರಿಸೋಕೆ ಏನೂ ಉಳಿದಿರಲ್ಲ. ಮೇಲಿಂದ, ಚಿತ್ರವನ್ನ 1000 ಅಥವಾ 4000 ನಿಟ್ಸ್‌ಗೆ ತಿದ್ದಿರ್ತಾರೆ, ಕಡಿಮೆ ದರ್ಜೆಯ ಟೀವಿ 300 ದಾಟಲ್ಲ. ಪಂಜಿನ ಜ್ವಾಲೆಯ ವಿವರ ಉಳಿಸೋಕೆ ಟೀವಿ ಉಳಿದದ್ದನ್ನೆಲ್ಲ ಕೆಳಗೆ ತಳ್ಳುತ್ತೆ. ಪಂಜು ಚೆನ್ನ, ಹಿಡಿದವನ ಮುಖ ಮಾಯ.

ಪರಿಹಾರ, ಸುಲಭದಿಂದ ಕಷ್ಟಕ್ಕೆ. ‘ಎನರ್ಜಿ ಸೇವಿಂಗ್’ ಮತ್ತು ಕೋಣೆಯ ಬೆಳಕು ನೋಡಿ ತಾನೇ ಮಂಕಾಗೋ ಸೆನ್ಸರ್ ಆಫ್ ಮಾಡಿ. ಎಷ್ಟೋ ಟೀವಿ ಡಬ್ಬದಿಂದ ಬರುವಾಗಲೇ ಇದು ಆನ್ ಇರುತ್ತೆ. ಡಾಲ್ಬಿ ವಿಷನ್‌ನಲ್ಲಿ ‘ಡಾರ್ಕ್’, ‘ಬ್ರೈಟ್’ ಅಂತ ಎರಡಿದ್ರೆ ಹಗಲಿಗೆ ಬ್ರೈಟ್. ನಿಮ್ಮ ಬೆನ್ನ ಹಿಂದಿನ ದೀಪ, ಕಿಟಕಿ ಪರದೆಯಲ್ಲಿ ಬಿಂಬ ಮೂಡಿಸ್ತಾ ಇದೆಯಾ ನೋಡಿ. ಅದೊಂದೇ ಎಲ್ಲ ಕಪ್ಪನ್ನೂ ಬೂದಿ ಮಾಡೋಕೆ ಸಾಕು. ಬೆಳಕು ಬೇಕೇ ಬೇಕು ಅಂದ್ರೆ ದೀಪ ಟೀವಿಯ ಹಿಂದೆ ಇಡಿ. ಇಷ್ಟಾದ್ರೂ ಕಾಣದಿದ್ರೆ ಪೆಟ್ಟಿಗೆಯಲ್ಲಿ ಎಚ್‌ಡಿಆರ್ ಅನ್ನೇ ಬಂದ್ ಮಾಡಿ ಎಸ್‌ಡಿಆರ್ ಆವೃತ್ತಿ ನೋಡಿ. 300 ನಿಟ್ಸ್ ಪರದೆಯಲ್ಲಿ ಅದೇ ಚೆನ್ನಾಗಿರೋದು ಅಪರೂಪವೇನಲ್ಲ. ಡಬ್ಬದ ಮೇಲೆ ‘ಎಚ್‌ಡಿಆರ್’ ಅಂತ ಬರೆದಿದ್ದರೆ ಆ ಸಿಗ್ನಲ್ ಹಿಡಿಯುತ್ತೆ ಅಂತಷ್ಟೇ ಅರ್ಥ.

ನಡುರಾತ್ರಿ
ಬ್ರೈಟ್‌ನೆಸ್ ಏರಿಸಿದ್ರೆ ಕತ್ತಲೆಲ್ಲ ಹೊಗೆ ತುಂಬಿದ ಹಾಗಾಗುತ್ತೆ ಅಂತಾರಲ್ಲ, ಅದು?

ಮಬ್ಬುಬೆಳಕು
ಹಳೆಯ ಮೆನುಗಳಲ್ಲಿ ‘ಬ್ರೈಟ್‌ನೆಸ್’ ಅಂದ್ರೆ ಕಪ್ಪಿನ ಮಟ್ಟ, ಬೆಳಕಲ್ಲ. ಬೆಳಕು ಬೇಕಾದ್ರೆ ‘ಬ್ಯಾಕ್‌ಲೈಟ್’ ಅಥವಾ ‘ಓಎಲ್‌ಇಡಿ ಲೈಟ್’ ಹುಡುಕಿ. ಹೊಸ ಮೆನುಗಳಲ್ಲಿ ಕೆಲವರು ಹೆಸರು ಅದಲು ಬದಲು ಮಾಡಿದ್ದಾರೆ, ಏರಿಸಿದಾಗ ಮೇಲೆ ಕೆಳಗಿನ ಕಪ್ಪುಪಟ್ಟಿ ಬೂದಿಯಾದ್ರೆ ಅದು ಕಪ್ಪಿನ ಮಟ್ಟ ಅಂತ ತಿಳೀರಿ, ಹಿಂದಕ್ಕೆ ಇಡಿ.

ಹೊಗೆಗೆ ಇನ್ನೊಂದು ಕಾರಣ ಎಚ್‌ಡಿಎಂಐ ರೇಂಜ್, ಅಂದ್ರೆ ಕಪ್ಪಿಂದ ಬಿಳುಪಿನ ತನಕ ಅಂಕಿ ಕೊಡೋ ಲೆಕ್ಕ. ವಿಡಿಯೋದಲ್ಲಿ ಕಪ್ಪು ಅಂದ್ರೆ 16, ಬಿಳುಪು 235. ಕಂಪ್ಯೂಟರ್ ಲೆಕ್ಕದಲ್ಲಿ 0 ಮತ್ತು 255. ಪೆಟ್ಟಿಗೆ 16ರ ಲೆಕ್ಕದಲ್ಲಿ ಕಳಿಸಿ ಟೀವಿ 0ರ ಲೆಕ್ಕದಲ್ಲಿ ಓದಿದ್ರೆ ಕಪ್ಪು ಬೂದಿ. ಉಲ್ಟಾ ಆದ್ರೆ ಕರಿ ಕೋಟಿನ ಮಡಿಕೆ, ಕೂದಲಿನ ಎಳೆ ಎಲ್ಲ ಒಂದೇ ಮಸಿ. ಲ್ಯಾಪ್‌ಟಾಪ್ ಜೋಡಿಸಿದಾಗ ಇದು ಆಗೋದು ಜಾಸ್ತಿ. ಎರಡೂ ಕಡೆ ‘ಲಿಮಿಟೆಡ್’ ಅಥವಾ ಎರಡೂ ಕಡೆ ‘ಫುಲ್’, ಒಂದೇ ಇರಬೇಕು. ಪರೀಕ್ಷೆ ಸುಲಭ: ಅದೇ ದೃಶ್ಯವನ್ನ ಟೀವಿಯ ಒಳಗಿನ ಆ್ಯಪಲ್ಲಿ ಹಾಕಿ ಹೋಲಿಸಿ. ಅಲ್ಲಿ ಸರಿ, ಪೆಟ್ಟಿಗೆಯಲ್ಲಿ ಮಾತ್ರ ಕೆಟ್ಟಿದೆ ಅಂದ್ರೆ ರೇಂಜೇ.

ಆಕಾಶದಲ್ಲೋ ಮಂಜಿನಲ್ಲೋ ಮೆಟ್ಟಿಲು ಮೆಟ್ಟಿಲಾಗಿ ಗೆರೆ ಕಂಡ್ರೆ ಅದು ಹೆಚ್ಚಾಗಿ ಬಿಟ್‌ರೇಟಿನ (ಸೆಕೆಂಡಿಗೆ ಎಷ್ಟು ಮಾಹಿತಿ ಬರುತ್ತೆ ಅನ್ನೋದರ) ಕಥೆ, ಟೀವಿ ಸೆಟ್ಟಿಂಗಲ್ಲಿ ಪೂರ್ತಿ ಹೋಗಲ್ಲ. 4ಕೆ ಬ್ಲೂ-ರೇ ಡಿಸ್ಕು ಸೆಕೆಂಡಿಗೆ 100 ಮೆಗಾಬಿಟ್ ದಾಟಿಯೂ ಹೋಗಬಹುದು. ನೆಟ್‌ಫ್ಲಿಕ್ಸ್ 4ಕೆಗೆ 15 ಮೆಗಾಬಿಟ್ ಸಂಪರ್ಕ ಇದ್ರೆ ಸಾಕು ಅನ್ನುತ್ತೆ. ಹೀಗೆ ಮಾಹಿತಿ ಹಿಂಡುವಾಗ ಮೊದಲು ಬಲಿಯಾಗೋದೇ ಕತ್ತಲಿನ ಭಾಗ. 2019ರಲ್ಲಿ ‘ಗೇಮ್ ಆಫ್ ಥ್ರೋನ್ಸ್’ನ ರಾತ್ರಿ ಯುದ್ಧದ ಕಂತು ಬಂದಾಗ ಜಗತ್ತೆಲ್ಲ ಇದೇ ಗಲಾಟೆ. ನೋಡುವವರ ಟೀವಿ ಸೆಟ್ಟಿಂಗ್ ಸರಿಯಿಲ್ಲ ಅಂತ ಛಾಯಾಗ್ರಾಹಕರು ವಾದಿಸಿದ್ರು. ಅರ್ಧ ನಿಜ. ಆದರೆ ಜನ ಯಾವುದರಲ್ಲಿ ನೋಡ್ತಾರೆ ಅಂತ ತಿಳಿದೂ ಅಷ್ಟು ಕತ್ತಲು ಬಳಿದ ಜವಾಬ್ದಾರಿ ಯಾರದ್ದು?

ಚೌಕಟ್ಟು
ಯಾರೂ ಕೇಳದಿದ್ರೂ ಹೇಳ್ತೀನಿ. ಮೇಲೆ ಕೆಳಗಿನ ಕಪ್ಪುಪಟ್ಟಿ ನೋಡಿ ‘ಪರದೆ ವೇಸ್ಟ್’ ಅಂತ ಝೂಮ್ ಒತ್ತೋರು ದಯವಿಟ್ಟು ಛಾಯಾಗ್ರಹಣದ ಬಗ್ಗೆ ಅಭಿಪ್ರಾಯ ಬರೀಬೇಡಿ. 2.39:1 ಚಿತ್ರ (ಅಗಲ ಎತ್ತರದ 2.39 ಪಟ್ಟು) 16:9 ಪರದೆಯಲ್ಲಿ (ಈಗಿನ ಟೀವಿಯ ಆಕಾರ) ಎತ್ತರದ ಮುಕ್ಕಾಲು ಭಾಗ ಮಾತ್ರ ತುಂಬುತ್ತೆ. 1080 ಸಾಲಿನ ಪರದೆಯಲ್ಲಿ ಚಿತ್ರಕ್ಕೆ ಸುಮಾರು 804, ಮೇಲೆ 138, ಕೆಳಗೆ 138. ಪಟ್ಟಿ ಹೋಗೋ ಹಾಗೆ ಹಿಗ್ಗಿಸಿದ್ರೆ ಅಗಲದಲ್ಲಿ ಕಾಲು ಭಾಗ ಹೊರಗೆ ಹೋಯಿತು. ಇಬ್ಬರು ಚೌಕಟ್ಟಿನ ಎರಡು ತುದಿಯಲ್ಲಿ ನಿಂತು ಮಾತಾಡೋ ದೃಶ್ಯದಲ್ಲಿ ಇಬ್ಬರಿಗೂ ಒಂದೊಂದೇ ಕಿವಿ ಉಳಿಯುತ್ತೆ.

ಹಳೇ ಚಿತ್ರದ್ದು ಇದರ ಉಲ್ಟಾ. ಸುಮಾರು 1.37:1ರ ಚೌಕ ಚಿತ್ರವನ್ನ ಪರದೆ ಪೂರ್ತಿ ಎಳೆದ್ರೆ ಎಲ್ಲರೂ ಶೇಕಡ 30ರಷ್ಟು ದಪ್ಪ ಆಗ್ತಾರೆ. ಕೆಲವು ಚಾನೆಲ್, ಆ್ಯಪ್‌ಗಳು ತಾವೇ ಮೇಲೆ ಕೆಳಗೆ ಕತ್ತರಿಸಿ ಅಗಲ ತುಂಬಿಸಿರ್ತಾರೆ, ಹಣೆ ಮತ್ತು ಪಾದ ಎರಡೂ ಮಾಯ. ಅದನ್ನ ಪತ್ತೆ ಹಚ್ಚೋಕೆ ಒಂದು ದಾರಿ: ಭಾರತದಲ್ಲಿ ಸಿನಿಮಾಸ್ಕೋಪ್ (ಅಗಲ ಚೌಕಟ್ಟಿನ ಪದ್ಧತಿ) ಶುರುವಾದದ್ದು 1959ರ ‘ಕಾಗಜ್ ಕೆ ಫೂಲ್’ನಿಂದ, ಕನ್ನಡದಲ್ಲಿ 1977ರ ‘ಸೊಸೆ ತಂದ ಸೌಭಾಗ್ಯ’ದಿಂದ. ಅದಕ್ಕೂ ಹಿಂದಿನ ಚಿತ್ರ 16:9 ಪರದೆಯನ್ನ ಅಂಚಿಂದ ಅಂಚಿಗೆ ತುಂಬಿ ನಿಂತಿದ್ರೆ ಯಾರದ್ದೋ ಕತ್ತರಿ ಆಡಿದೆ ಅಂತ ಅನುಮಾನಪಡಿ. ಶೀರ್ಷಿಕೆ ಕಾರ್ಡಿನ ಅಕ್ಷರದ ತಲೆಯೋ ಒತ್ತೋ ತುಂಡಾಗಿದ್ರೆ ಅನುಮಾನವೂ ಬೇಡ.

ಬೇಕಂತಲೇ ಆಕಾರ ಬದಲಿಸೋ ಚಿತ್ರಗಳೂ ಇವೆ. 2014ರ ‘ದಿ ಗ್ರ್ಯಾಂಡ್ ಬುಡಾಪೆಸ್ಟ್ ಹೋಟೆಲ್’ನಲ್ಲಿ ಕಾಲ ಬದಲಾದ ಹಾಗೆ ಚೌಕಟ್ಟೂ ಬದಲಾಗುತ್ತೆ, 1930ರ ದಶಕದ ಕಥೆಗೆ 1.37. ಟೀವಿಯನ್ನ ‘ಆಟೋ ಝೂಮ್’ನಲ್ಲಿ ಬಿಟ್ರೆ ಅದು ನಡುನಡುವೆ ಎಳೆದಾಡಿ ಕೆಲಸ ಕೆಡಿಸುತ್ತೆ. ‘ಒರಿಜಿನಲ್’, ‘ಜಸ್ಟ್ ಸ್ಕ್ಯಾನ್’, ‘ಫಿಟ್ ಟು ಸ್ಕ್ರೀನ್’ ಇವುಗಳಲ್ಲಿ ನಿಮ್ಮ ಟೀವಿಯಲ್ಲಿ ಯಾವುದಿದೆಯೋ ಅದರಲ್ಲಿಟ್ಟು ಮರೆತುಬಿಡಿ.

ಹೊಸಪರದೆ
ಹಳೇ ಕಪ್ಪು ಬಿಳುಪು ಚಿತ್ರದಲ್ಲಿ ಮುಖ ಮೇಣ ಹಚ್ಚಿದ ಹಾಗೆ ಕಾಣೋದು ಪ್ರಿಂಟಿನ ದೋಷವಾ?

ರೀಲುಡಬ್ಬಿ
ಪ್ರಿಂಟಿನದೂ ಇರಬಹುದು, ಟೀವಿಯದೂ ಇರಬಹುದು. ಫಿಲ್ಮಿನಲ್ಲಿ ಮರಳಿನ ಹಾಗೆ ಕದಲೋ ಕಣ ಇರುತ್ತೆ, ಗ್ರೇನ್. ವಿವರ ಇರೋದೇ ಅದರಲ್ಲಿ. ನಾಯ್ಸ್ ರಿಡಕ್ಷನ್ ಅದನ್ನ ಕಸ ಅಂದ್ಕೊಂಡು ಒರೆಸಿದಾಗ ಚರ್ಮದ ರಂಧ್ರ, ಸೀರೆಯ ನೇಯ್ಗೆ ಜೊತೆಗೇ ಹೋಗುತ್ತೆ. ಮೊದಲು ನಿಮ್ಮ ಟೀವಿಯಲ್ಲಿ ‘ನಾಯ್ಸ್ ರಿಡಕ್ಷನ್’, ‘ಎಂಪೆಗ್ ನಾಯ್ಸ್ ರಿಡಕ್ಷನ್’ ಎರಡನ್ನೂ ಆಫ್ ಮಾಡಿ. ಶಾರ್ಪ್‌ನೆಸ್ ಎಲ್‌ಜಿ, ಸ್ಯಾಮ್‌ಸಂಗ್‌ನಲ್ಲಿ ಸೊನ್ನೆಯ ಹತ್ತಿರ. ಸೋನಿಯಲ್ಲಿ 50 ಅಂದ್ರೇ ತಟಸ್ಥ, ಅಲ್ಲಿ ಸೊನ್ನೆ ಮಾಡಿದ್ರೆ ಮಸುಕಾಗುತ್ತೆ. ಬಣ್ಣದ ತಾಪ ‘ವಾರ್ಮ್’, ಇಲ್ಲದಿದ್ರೆ ಕಪ್ಪು ಬಿಳುಪು ಚಿತ್ರ ನೀಲಿ ಬಿಳುಪು ಆಗುತ್ತೆ. ಆಮೇಲೂ ಮೇಣವೇ ಕಂಡ್ರೆ ಅದು ಆ ಡಿಜಿಟಲ್ ಪ್ರತಿ ಮಾಡಿದವರ ಪಾಪ.

ಸರಿಯಾಗಿ ಮಾಡಿದ ಮರುಸ್ಥಾಪನೆಯಲ್ಲಿ ಗೀರು, ಕೊಳೆ, ಅಲುಗಾಟ ತೆಗೀತಾರೆ, ಗ್ರೇನ್ ಬಿಡ್ತಾರೆ. 1977ರ ‘ಘಟಶ್ರಾದ್ಧ’ದ ಮರುಸ್ಥಾಪಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೆರೆಕಂಡಿತು. ಅಂಥ ಚಿತ್ರಗಳ ಬಗ್ಗೆ ಅಭಿಪ್ರಾಯ ಬರೆಯುವಾಗ ಯಾವ ಪ್ರತಿ ನೋಡಿದ್ರಿ ಅಂತ ಹೇಳೋದು ಮುಖ್ಯ. ಟೀವಿಯಿಂದ ರೆಕಾರ್ಡ್ ಮಾಡಿ ಹತ್ತು ಕೈ ದಾಟಿದ ಪ್ರತಿ ನೋಡಿ ‘ಕ್ಯಾಮೆರಾ ಕೆಲಸ ಸಾಧಾರಣ’ ಅನ್ನೋದು ಅನ್ಯಾಯ.

ಒಂದ್‌ಸಾಲು
ಡಿವಿಡಿಯಲ್ಲಿ 150 ನಿಮಿಷದ ಸಿನಿಮಾ 144ಕ್ಕೇ ಮುಗಿಯುತ್ತೆ. ಆರು ನಿಮಿಷ ನುಂಗಿದ್ದು ಯಾರು?

ರೀಲುಡಬ್ಬಿ
ಯಾರೂ ನುಂಗಿಲ್ಲ. ಪಾಲ್ ಪದ್ಧತಿಯ (ಸೆಕೆಂಡಿಗೆ 25 ಫ್ರೇಮಿನ ಹಳೇ ಟೀವಿ ಪದ್ಧತಿ) ಡಿವಿಡಿಯಲ್ಲಿ 24 ಫ್ರೇಮಿನ ಚಿತ್ರವನ್ನ 25ರಲ್ಲಿ ಓಡಿಸ್ತಾರೆ, ನಾಲ್ಕು ಶೇಕಡ ಬೇಗ. 150 ಸರಿಯಾಗಿ 144 ಆಗುತ್ತೆ. ಸ್ಥಾಯಿ ತಿದ್ದದೇ ಬಿಟ್ಟಿದ್ರೆ ಧ್ವನಿಯೂ ಅರ್ಧ ಸ್ವರಕ್ಕಿಂತ ಸ್ವಲ್ಪ ಕಡಿಮೆಯಷ್ಟು ಮೇಲೇರುತ್ತೆ. ಹಾಡು ಬಾಯಿಪಾಠ ಇರೋರಿಗೆ ತಕ್ಷಣ ಗೊತ್ತಾಗುತ್ತೆ. 137 ಅಂತಲೋ 131 ಅಂತಲೋ ಬಂದ್ರೆ ಆಗ ಕತ್ತರಿ ಹುಡುಕಿ.

ಅಡಿಬರಹ
ಇದೇ ಲೆಕ್ಕ ಸಬ್‌ಟೈಟಲ್‌ಗೂ ಬರುತ್ತೆ. ಬೇರೆ ಕಡೆಯಿಂದ ಇಳಿಸಿಕೊಂಡ ಎಸ್‌ಆರ್‌ಟಿ ಕಡತ ಹೊಂದದಿದ್ರೆ ಎರಡು ಕಡೆ ನೋಡಿ: ಶುರುವಿನ ಮೊದಲ ಮಾತು, ಕೊನೆಯ ಹತ್ತಿರದ ಒಂದು ಮಾತು.

ಎರಡೂ ಕಡೆ ಒಂದೇ ಅಂತರ, ಉದಾಹರಣೆಗೆ ಎರಡೆರಡು ಸೆಕೆಂಡ್ ತಡ ಅಂದ್ರೆ ಸರಿಸಿದ್ರೆ ಸಾಕು. ವಿಎಲ್‌ಸಿಯಲ್ಲಿ (ಕಂಪ್ಯೂಟರಿನ ವಿಡಿಯೋ ಪ್ಲೇಯರ್) ‘ಜಿ’ ಕೀಲಿ ಒತ್ತಿದ್ರೆ ಸಬ್‌ಟೈಟಲ್ ಬೇಗ ಬರುತ್ತೆ, ‘ಎಚ್’ ಒತ್ತಿದ್ರೆ ತಡ. ಒಂದು ಒತ್ತಿಗೆ 50 ಮಿಲಿಸೆಕೆಂಡ್. ಶುರುವಲ್ಲಿ ಸರಿ ಇದ್ದು ಬರ್ತಾ ಬರ್ತಾ ಜಾರಿದ್ರೆ ಅದು ಫ್ರೇಮ್ ದರದ ಜಗಳ, ಸರಿಸಿದ್ರೆ ಹೋಗಲ್ಲ. ಗಂಟೆಗೆ 3.6 ಸೆಕೆಂಡ್ ಜಾರಿದ್ರೆ 24 ಮತ್ತು 23.976ರ ವ್ಯತ್ಯಾಸ. ಗಂಟೆಗೆ ಎರಡೂವರೆ ನಿಮಿಷ ಜಾರಿದ್ರೆ 25 ಮತ್ತು 23.976. ಸಬ್‌ಟೈಟಲ್ ಎಡಿಟ್ ತರದ ತಂತ್ರಾಂಶದಲ್ಲಿ ‘ಚೇಂಜ್ ಫ್ರೇಮ್ ರೇಟ್’ ಇರುತ್ತೆ, ಹಳೆಯದು 25 ಹೊಸದು 23.976 ಅಂತ ಕೊಟ್ಟು ಉಳಿಸಿ. ಶುರುವಲ್ಲಿ ಸರಿ, ಮಧ್ಯಂತರದ ಮೇಲೆ ಇದ್ದಕ್ಕಿದ್ದ ಹಾಗೆ ಒಂದೇ ನೆಗೆತ ಅಂದ್ರೆ ಆ ಕಡತ ಬೇರೆ ಕತ್ತರಿಸಿದ ಪ್ರತಿಗೆ ಮಾಡಿದ್ದು. ಅದರ ಹಿಂದೆ ಬೀಳದೆ ಬೇರೆ ಕಡತ ಹುಡುಕಿ.

ಕನ್ನಡ ಸಬ್‌ಟೈಟಲ್‌ಗೆ ಪ್ರತ್ಯೇಕ ರೋಗ ಇದೆ. ಚೌಕ ಡಬ್ಬಿಗಳ ಸಾಲು ಕಂಡ್ರೆ ಫಾಂಟಿನಲ್ಲಿ ಕನ್ನಡ ಇಲ್ಲ. ವಿಚಿತ್ರ ಲ್ಯಾಟಿನ್ ಅಕ್ಷರ ಕಂಡ್ರೆ ಎನ್‌ಕೋಡಿಂಗ್ ತಪ್ಪು. ನೋಟ್‌ಪ್ಯಾಡಲ್ಲಿ ತೆರೆದು ‘ಯುಟಿಎಫ್-8’ ಆಗಿ ಉಳಿಸಿ. ಅಕ್ಷರ ಬರುತ್ತೆ, ಒತ್ತಕ್ಷರ ಮಾತ್ರ ಬಿಡಿಬಿಡಿಯಾಗಿ ‘ಅಕ್‌ಷರ’ದ ಹಾಗೆ ನಿಂತಿದೆ ಅಂದ್ರೆ ಆ ಪ್ಲೇಯರಿಗೆ ಭಾರತೀಯ ಲಿಪಿ ಜೋಡಿಸೋಕೆ ಬರಲ್ಲ. ಟೀವಿಯ ಯುಎಸ್‌ಬಿ ಪ್ಲೇಯರ್‌ಗಳಲ್ಲಿ ಇದು ಸಾಮಾನ್ಯ. ಪ್ಲೇಯರ್ ಬದಲಿಸೋದೊಂದೇ ದಾರಿ.

ನಡುರಾತ್ರಿ
ತುಟಿ ಒಂದು ಕಡೆ, ಮಾತು ಒಂದು ಕಡೆ ಅನ್ನೋರಿಗೆ?

ಸದ್ದುಗದ್ದಲ
ತುಟಿ ನೋಡಿ ತೀರ್ಮಾನ ಮಾಡಬೇಡಿ, ಡಬ್ಬಿಂಗ್ ಚಿತ್ರದಲ್ಲಿ ತುಟಿ ಯಾವತ್ತೂ ನಂಬಿಕಸ್ಥ ಸಾಕ್ಷಿಯಲ್ಲ. ಬಾಗಿಲು ಬಡಿಯೋದು, ಚಪ್ಪಾಳೆ, ಲೋಟ ಮೇಜಿಗೆ ಇಡೋದು, ಇಂಥದ್ದು ನೋಡಿ. ಅದೂ ತಪ್ಪಿದ್ರೆ ವ್ಯವಸ್ಥೆಯ ದೋಷ, ಅದು ಸರಿ ಇದ್ದು ತುಟಿ ಮಾತ್ರ ತಪ್ಪಿದ್ರೆ ಡಬ್ಬಿಂಗು.

ಸದ್ದು ಮುಂಚೆ ಬಂದ್ರೆ ಕಿವಿ ಬೇಗ ಹಿಡಿಯುತ್ತೆ, ಸುಮಾರು 45 ಮಿಲಿಸೆಕೆಂಡಿಗೇ. ತಡವಾಗಿ ಬಂದ್ರೆ 125ರ ತನಕ ಬಹಳ ಜನಕ್ಕೆ ಗೊತ್ತಾಗಲ್ಲ. ಮುಂಚೆ ಬರ್ತಿದ್ರೆ ಬಾರ್ ಅಥವಾ ಟೀವಿಯ ‘ಎವಿ ಸಿಂಕ್’ನಲ್ಲಿ 20 ಮಿಲಿಸೆಕೆಂಡಿನ ಹೆಜ್ಜೆಯಲ್ಲಿ ವಿಳಂಬ ಸೇರಿಸಿ. ತಡವಾಗಿ ಬರ್ತಿದ್ರೆ ಸೇರಿಸಿ ಪ್ರಯೋಜನ ಇಲ್ಲ. ಬಹುಪಾಲು ಬ್ಲೂಟೂತ್ ಕಾರಣ, ತಂತಿಗೆ ಹೋಗಿ. ಕಂಪ್ಯೂಟರಾದ್ರೆ ವಿಎಲ್‌ಸಿಯಲ್ಲಿ ‘ಜೆ’ ಮತ್ತು ‘ಕೆ’.

ಪುಟ್ಟಪರದೆ
ಇಲ್ಲಿ ಎಲ್ಲರೂ ಟೀವಿ ತಿದ್ದೋದ್ರಲ್ಲೇ ಇದ್ದೀರಿ. ಕಥೆನೇ ಕೆಟ್ಟದಿದ್ರೆ ಯಾವ ಸೆಟ್ಟಿಂಗೂ ಕಾಪಾಡಲ್ಲ ಸ್ವಾಮಿ. ಆಮೇಲೆ ಫೋನಲ್ಲಿ ನೋಡೋರು ಅಭಿಪ್ರಾಯನೇ ಹೇಳಬಾರದಾ?

ಚೌಕಟ್ಟು
ಹೇಳಬೇಕು. ಯಾವುದರ ಬಗ್ಗೆ ಅನ್ನೋದಷ್ಟೇ ಪ್ರಶ್ನೆ. ಚಿತ್ರಕಥೆಯ ಗಂಟು, ಸಂಭಾಷಣೆ, ಮುಖದ ಅಭಿನಯ ಇವನ್ನ ಫೋನಲ್ಲಿ ನೋಡಿದವರೂ ಸರಿಯಾಗೇ ತೂಗಬಹುದು. ಹತ್ತಿರದ ಶಾಟ್‌ಗಳಂತೂ ಫೋನಲ್ಲಿ ಚೆನ್ನಾಗೇ ಕೂರುತ್ತೆ. ದೂರದ ಶಾಟ್‌ನಲ್ಲಿ ಬೆಟ್ಟದ ಅಂಚಲ್ಲಿ ನಡೆದು ಬರೋ ಮನುಷ್ಯ ಆರು ಇಂಚಿನ ಪರದೆಯಲ್ಲಿ ಒಂದು ಚುಕ್ಕೆ. ನಿರ್ದೇಶಕರು ಅವನನ್ನ 20 ಸೆಕೆಂಡ್ ನಡೆಸಿದ್ದು ನಿಮಗೆ ‘ಲ್ಯಾಗ್’ ಅನ್ನಿಸುತ್ತೆ, ನೋಡೋಕೆ ಏನೂ ಇಲ್ಲದಿದ್ರೆ ಅನ್ನಿಸಲೇಬೇಕಲ್ಲ.

ಟೀವಿಗೂ ಅದೇ ಲೆಕ್ಕ. 55 ಇಂಚಿನ ಟೀವಿಯ ಅಗಲ ಸುಮಾರು 122 ಸೆಂಟಿಮೀಟರ್. ಚಿತ್ರ ಕಣ್ಣಿನ 40 ಡಿಗ್ರಿ ತುಂಬಬೇಕಾದ್ರೆ 1.7 ಮೀಟರ್ ದೂರ ಕೂರಬೇಕು, 30 ಡಿಗ್ರಿಗೆ 2.3 ಮೀಟರ್. ನಾಲ್ಕು ಮೀಟರ್ ಆಚೆಯ ಸೋಫಾದಿಂದ ನೋಡಿದ್ರೆ ಅದು ದೊಡ್ಡ ಫೋನೇ. 4ಕೆ, ಪೂರ್ತಿ ಎಚ್‌ಡಿ ಎರಡಕ್ಕೂ ವ್ಯತ್ಯಾಸ ಹೆಚ್ಚುಕಮ್ಮಿ 2.1 ಮೀಟರ್ ಒಳಗೆ ಬಂದಾಗಷ್ಟೇ ಕಾಣೋದು.

ಇನ್ನು 1.25 ವೇಗದಲ್ಲಿ ಓಡಿಸಿ ‘ಎಡಿಟಿಂಗ್ ಚುರುಕಾಗಿದೆ’ ಅಂತ ಬರೆಯೋರು... ಎರಡೂವರೆ ಗಂಟೆಯ ಚಿತ್ರವನ್ನ ಎರಡು ಗಂಟೆಯಲ್ಲಿ ಮುಗಿಸಿದ ಆ ಸಂಕಲನಕಾರ ನೀವೇ.

ಪುಟ್ಟಪರದೆ
ಒಪ್ಪಿದೆ. ಹಾಗಾದ್ರೆ ಇನ್ನೊಂದು. ಒಳ್ಳೇ ಫೋನು, ವೇಗದ ನೆಟ್ಟು, ಪೂರ್ತಿ ಎಚ್‌ಡಿ ಪ್ಲಾನು ಇದ್ರೂ ಕೆಲವು ಫೋನಲ್ಲಿ ಚಿತ್ರ ಮಸುಕು ಮಸುಕು. ಇದಕ್ಕೂ ಟೀವಿನೇ ಕಾರಣವಾ?

ಮಬ್ಬುಬೆಳಕು
ಹ್ಹಹ್ಹ. ಅಲ್ಲ, ಬೀಗದ ಕಾರಣ. ಆಂಡ್ರಾಯ್ಡ್ ಫೋನಲ್ಲಿ ಚಿತ್ರದ ನಕಲು ತಡೆಯೋಕೆ ‘ವೈಡ್‌ವೈನ್’ ಅನ್ನೋ ವ್ಯವಸ್ಥೆ ಇದೆ. ‘ಎಲ್1’ ಮಟ್ಟ ಇದ್ರೆ ಆ್ಯಪ್ ಎಚ್‌ಡಿ ಕೊಡುತ್ತೆ. ‘ಎಲ್3’ ಇದ್ರೆ ನೆಟ್‌ಫ್ಲಿಕ್ಸ್‌ನಂಥ ಆ್ಯಪ್‌ಗಳು 480 ಸಾಲಿಗೇ ನಿಲ್ಲಿಸಿಬಿಡ್ತವೆ, ನಿಮ್ಮ ಪ್ಲಾನ್ ಏನೇ ಇರಲಿ. ‘ಡಿಆರ್‌ಎಂ ಇನ್ಫೋ’ ಅನ್ನೋ ಆ್ಯಪ್ ಹಾಕಿ ‘ಸೆಕ್ಯುರಿಟಿ ಲೆವೆಲ್’ ಸಾಲು ನೋಡಿ. ನೆಟ್‌ಫ್ಲಿಕ್ಸ್‌ನ ಒಳಗೇ ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ‘ಪ್ಲೇಬ್ಯಾಕ್ ಸ್ಪೆಸಿಫಿಕೇಷನ್’ ಅಂತಲೂ ಇದೆ. ಬೂಟ್‌ಲೋಡರ್ (ಫೋನ್ ಶುರುಮಾಡೋ ತಂತ್ರಾಂಶ) ಬೀಗ ಬಿಚ್ಚಿದ ಫೋನುಗಳಲ್ಲಿ ಎಲ್1 ಇದ್ದದ್ದು ಎಲ್3ಕ್ಕೆ ಬೀಳೋದುಂಟು. ಕಂಪನಿ ಕೊಡುವಾಗಲೇ ಎಲ್3 ಅಂದ್ರೆ ನೀವು ಏನೂ ಮಾಡೋಕಾಗಲ್ಲ. ಎಲ್1 ಇದ್ದೂ ಮಸುಕು ಅಂದ್ರೆ ಆ್ಯಪಿನ ‘ಡೇಟಾ ಸೇವರ್’ ನೋಡಿ, ಅದು ಆನ್ ಇರಬಹುದು.

ಪುಟ್ಟಪರದೆ
ಎಲ್3 ಅಂತ ತೋರಿಸ್ತಿದೆ. ಆಯ್ತು, ಛಾಯಾಗ್ರಹಣ ಬಿಟ್ಟು ಕಥೆ ಬಗ್ಗೆ ಮಾತ್ರ ಬರೀತೀನಿ.